ಬರೀತಾ ಇದ್ದೀನಿ ಅಂದದ್ದು ಪೂರ್ತಿ ಸುಳ್ಳಲ್ಲ

ಮಾರಾಯ,

ಹೋದ ಭಾನುವಾರ ಫೋನಿನಲ್ಲಿ ನೀನು "ಕಾದಂಬರಿ ಎಲ್ಲಿಗೆ ಬಂತೋ?" ಅಂದೆ. ನಾನು "ಬರೀತಾ ಇದ್ದೀನಿ" ಅಂದೆ. ನಿನಗೆ ಖುಷಿಯಾಯಿತು. ಫೋನ್ ಇಟ್ಟ ಮೇಲೆ ನನಗೆ ಸಂಕಟ ಶುರುವಾಯಿತು, ಯಾಕೆಂದರೆ ಆಗ ನನ್ನ ಕೈಯಲ್ಲಿದ್ದದ್ದು ಪೆನ್ನಲ್ಲ, ಬ್ರಷ್ಷು. ಒಂದು ಎಮ್ಮೆಗೆ ಬಾಲ ಬರೆಯುತ್ತಿದ್ದೆ. ನಮ್ಮ ಭಾಷೆ ನನ್ನಂಥವರಿಗೆ ಒಳ್ಳೆಯ ಆಸರೆ ನೋಡು. ಕಥೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಅಮ್ಮನ ಹತ್ತಿರ ಎಷ್ಟೋ ವರ್ಷದಿಂದ ಇದೇ ಉತ್ತರದಲ್ಲಿ ಕಾಲ ಹಾಕಿದ್ದೇನೆ.

ಈಗ ನಿಜ ಹೇಳಿಬಿಡುತ್ತೇನೆ. ಕಾದಂಬರಿ ಯುಗಾದಿಯಿಂದ ಒಂಬತ್ತನೇ ಅಧ್ಯಾಯದಲ್ಲೇ ಕೂತಿದೆ. ದೀಪಾವಳಿ ವಿಶೇಷಾಂಕಕ್ಕೆ ಅಂತ ಒಂದು ಕಥೆ ಶುರು ಮಾಡಿದ್ದೇನೆ, ಅದನ್ನು ಆಗಸ್ಟ್ ಕೊನೆಯೊಳಗೆ ಕಳಿಸಬೇಕು. ಮಕ್ಕಳಿಗೊಂದು ಪುಸ್ತಕ ಇದೆ, ಮಾತೂ ನನ್ನದೇ ಚಿತ್ರವೂ ನನ್ನದೇ. ಇದರ ಮೇಲೆ ದಿನಕ್ಕೊಂದು ಪುಟ ಸುಮ್ನೆ ಸ್ಕೆಚ್ ಮಾಡುವ ಚಟ ಬೇರೆ. ಹತ್ತರಿಂದ ಐದೂವರೆವರೆಗೆ ಸೊಸೈಟಿಯಲ್ಲಿ ಅಡಿಕೆ ಲೆಕ್ಕ ಬರೆಯುವುದು, ಅದೂ ಬರೆಯುವುದೇ ಅಲ್ವಾ!

"ಒಂದು ಮುಗಿಸಿ ಇನ್ನೊಂದು ಹಿಡಿ" ಅನ್ನುತ್ತೀಯ. ಮಾಡಿ ನೋಡಿದೆ. ಬಣ್ಣದ ಡಬ್ಬಿಯನ್ನು ಅಟ್ಟಕ್ಕೆ ಹಾಕಿ ಎರಡು ತಿಂಗಳು ಬರೀ ಕಾದಂಬರಿ ಅಂತ ಕೂತೆ. ಬಂದದ್ದು ಮೂರು ಪುಟ, ಅದರಲ್ಲಿ ಎರಡನ್ನು ಆಮೇಲೆ ಹೊಡೆದುಹಾಕಿದೆ. ಟಾಗೋರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಒಂದಕ್ಕೊಂದು ಕೂಡಿಸಿ ಹಕ್ಕಿ, ವಿಚಿತ್ರ ಪ್ರಾಣಿ ಎಲ್ಲ ಮಾಡುತ್ತಿದ್ದರಂತಲ್ಲ, ಹಾಗೇ ಚಿತ್ರಕ್ಕೆ ಇಳಿದು 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಮಾಡಿದಾಗ ಅವರಿಗೆ 69 ವರ್ಷ. ನಾನೂ ಹೊಡೆದುಹಾಕಿದ್ದನ್ನು ಕೂಡಿಸಿ ನೋಡಿದೆ. ಎಮ್ಮೆ ಬಂತು. ಮಕ್ಕಳ ಪುಸ್ತಕ ಶುರುವಾದದ್ದು ಆ ಎಮ್ಮೆಯಿಂದಲೇ, ಹಾಗಾಗಿ ಆ ಎರಡು ತಿಂಗಳು ದಂಡ ಅಂತ ಪೂರ್ತಿ ಹೇಳಲಾರೆ.

ಬೇಸಿಗೆಯಲ್ಲಿ ಕಥೆ, ಚಿತ್ರ ಎರಡೂ ಚೆನ್ನಾಗಿಯೇ ಹೊಂದಿಕೊಂಡಿದ್ದವು. ಜಲವರ್ಣದಲ್ಲಿ ಮೊದಲ ಪದರ ಒಣಗದೆ ಎರಡನೆಯದನ್ನು ಹಚ್ಚಿದರೆ ಒಂದರೊಳಗೊಂದು ಹರಿದು ರಾಡಿ ಆಗುತ್ತದೆ, ಕಾಯಲೇಬೇಕು. ಏಪ್ರಿಲ್‌ನಲ್ಲಿ ಹತ್ತು ನಿಮಿಷ ಸಾಕು, ಅಷ್ಟರಲ್ಲಿ ಒಂದು ಪ್ಯಾರಾ. ಜೂನ್ ಬಂತು ನೋಡು, ಕಾಗದ ಒಣಗುವ ಮಾತೇ ಇಲ್ಲ. ಬೋರ್ಡಿಗೆ ಟೇಪು ಹಾಕಿ ಅಂಟಿಸಿದ್ದರೂ ಹಪ್ಪಳದ ಹಾಗೆ ಏಳುತ್ತದೆ, ಬಳಸದ ಹಾಳೆಗಳಿಗೂ ಬೂಷ್ಟು. ಕೊನೆಗೆ ಒಂದು ಚಿತ್ರವನ್ನು ಬಚ್ಚಲ ಒಲೆಯ ಮೇಲೆ, ಬಟ್ಟೆ ಒಣಹಾಕುವ ಗಳಕ್ಕೆ ಕ್ಲಿಪ್ ಹಾಕಿ ನೇತುಹಾಕಿದೆ. ಬೆಳಿಗ್ಗೆ ನೋಡಿದರೆ ಆಕಾಶದ ತುಂಬ ಮಸಿ. ಅಮ್ಮ ಅದನ್ನು ಕೈಯಲ್ಲಿ ಹಿಡಿದು "ಈ ಸಲ ಮೋಡ ಚೆನ್ನಾಗಿ ಬಂದಿದೆ" ಅಂದರು. ನಾನು ಏನೂ ಹೇಳಲಿಲ್ಲ.

ಮಕ್ಕಳ ಪುಸ್ತಕದಲ್ಲಿ ಇನ್ನೊಂದು ಪಾಠ. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುತ್ತಾರಲ್ಲ, ಅದಕ್ಕೆ ಪುಟಗಳು ಎಂಟರ ಲೆಕ್ಕದಲ್ಲಿ ಬಂದರೆ ಅನುಕೂಲವಂತೆ. ನನ್ನ ಕಥೆ 21 ಪುಟಕ್ಕೇ ಮುಗಿದಿತ್ತು, ಎಮ್ಮೆಯನ್ನು ಇನ್ನೂ ಮೂರು ಪುಟ ಸುಮ್ನೆ ನಡೆಸಿದೆ. ಅದು ಹೋಗಲಿ. ಎರಡು ಪುಟಕ್ಕೂ ಹರಡಿಕೊಂಡ ಒಂದು ದೊಡ್ಡ ಚಿತ್ರ ಬರೆದಿದ್ದೆ, ನಾಲ್ಕು ಭಾನುವಾರದ ಕೆಲಸ, ಎಮ್ಮೆ ಕೆರೆಯಿಂದ ತಲೆ ಎತ್ತಿ ನಮ್ಮನ್ನೇ ನೋಡುತ್ತಿದೆ, ಮುಖ ಸರೀ ನಡುವೆ. ಬೈಂಡಿಂಗ್ ಆದಾಗ ನಡುವಿನ ಪಟ್ಟಿ ಮಡಿಕೆಯೊಳಗೆ ಹೋಗುತ್ತದೆ ಅಂತ ನನಗೆ ಹೊಳೆದಿರಲೇ ಇಲ್ಲ. ಮಾದರಿ ಪ್ರತಿ ಮಾಡಿ ಹೊಲಿದು ನೋಡಿದರೆ ಎಮ್ಮೆಗೆ ಮೂಗೇ ಇಲ್ಲ, ಎರಡು ಕಣ್ಣೂ ಹೋಗಿ ಅಂಟಿಕೊಂಡಿವೆ. ಮತ್ತೆ ಮೊದಲಿಂದ ಬರೆಯುತ್ತಿದ್ದೇನೆ. ನೀನು ಫೋನ್ ಮಾಡಿದಾಗ ಬಾಲ ಬರೆಯುತ್ತಿದ್ದದ್ದು ಇದಕ್ಕೇ.

ಆದರೆ ಈ ಪತ್ರ ಬರೆಯಲು ಕೂತದ್ದು ವಿಶೇಷಾಂಕದ ಕಥೆಯ ವಿಷಯ ಹೇಳಲಿಕ್ಕೆ. ಅದರಲ್ಲೊಬ್ಬಳು ಅಜ್ಜಿ. ಅಡುಗೆಮನೆ ಕಿಟಕಿಯಿಂದ ತಮ್ಮನ ಮಗ ಬರುವುದನ್ನು ನೋಡಿ, ಮನೆಯ ಪತ್ರಗಳಿದ್ದ ತಗಡಿನ ಪೆಟ್ಟಿಗೆಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸುತ್ತಾಳೆ. ಹದಿನಾಲ್ಕು ಪುಟ ಇದರ ಮೇಲೇ ನಿಂತಿತ್ತು. ಒಂದು ರಾತ್ರಿ ಬರೆಯಲು ಬೇಜಾರಾಗಿ, ಸುಮ್ನೆ ಆ ಮನೆಯ ಚಿತ್ರ ಹಾಕಿದೆ. ಗಳ ಸರಿಸಿ ಒಳಗೆ ಬರುವ ದಣಪೆ, ಅಂಗಳ, ಜಗಲಿ, ನಡುಮನೆ, ದೇವರ ಕೋಣೆ, ಆಮೇಲೆ ಅಡುಗೆಮನೆ. ಕಿಟಕಿ ಬರೆಯಲು ಹೋದಾಗ ಕೈ ನಿಂತಿತು. ನಮ್ಮ ಕಡೆಯ ಮನೆಯಲ್ಲಿ ಅಡುಗೆಮನೆ ಕಿಟಕಿ ಹಿತ್ತಲಿಗೆ ತೆರೆಯುತ್ತದೆ ಮಾರಾಯ! ಅಲ್ಲಿಂದ ಕಾಣುವುದು ಬಸಳೆ ಚಪ್ಪರ, ಕೊಟ್ಟಿಗೆ. ದಣಪೆ ಹತ್ತಿರ ಯಾರು ಬಂದರೂ ಅವಳಿಗೆ ಕಾಣುವುದು ಸಾಧ್ಯವೇ ಇಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಗಿಡಗಳ ಚಿತ್ರವನ್ನು ತಾವೇ ಬರೆಯುತ್ತಿದ್ದದ್ದು ಯಾಕೆ ಅಂತ ಈಗ ಸ್ವಲ್ಪ ಅರ್ಥವಾಗುತ್ತಿದೆ. ಮಾತಿನಲ್ಲಾದರೆ ತೇಲಿಸಿಬಿಡಬಹುದು, ಚಿತ್ರದಲ್ಲಿ ಎಲೆ ಎಲ್ಲಿಂದ ಹೊರಡುತ್ತದೆ ಅಂತ ತೋರಿಸಲೇಬೇಕು.

ಹಾಗಾಗಿ ಕಥೆ ಬದಲಾಯಿಸಿದೆ. ಈಗ ಅಜ್ಜಿಗೆ ಕಾಣುವುದಿಲ್ಲ, ದಣಪೆ ಸರಿಸಿದ ಸದ್ದು ಮಾತ್ರ ಕೇಳುತ್ತದೆ. ಬಂದವನು ತಮ್ಮನ ಮಗನೋ, ಊರು ಬಿಟ್ಟು ಹೋದ ತನ್ನ ಮಗನೋ, ಗೊತ್ತಿಲ್ಲದೆಯೇ ಪೆಟ್ಟಿಗೆ ಅಡಗಿಸುತ್ತಾಳೆ. ಮೊದಲಿಗಿಂತ ಇದು ಎಷ್ಟೋ ವಾಸಿ. ಕಾದಂಬರಿಯ ಒಂಬತ್ತನೇ ಅಧ್ಯಾಯ ಯಾಕೆ ಮುಂದೆ ಹೋಗುತ್ತಿಲ್ಲ ಅಂತ ನೋಡಲು ಅದರ ಬಸ್ ಸ್ಟ್ಯಾಂಡನ್ನೂ ಒಮ್ಮೆ ಬರೆಯಬೇಕು ಅಂದುಕೊಂಡಿದ್ದೇನೆ.

ಮನೆಯ ಚಿತ್ರವನ್ನು ಇದರ ಜೊತೆ ಇಟ್ಟಿದ್ದೇನೆ, ಮೂಲೆಯಲ್ಲಿರುವುದು ಕಾಫಿ ಕಲೆ, ಬಾವಿ ಅಂದುಕೊಳ್ಳಬೇಡ. ನಿನ್ನೆ ರಾತ್ರಿ ಇನ್ನೊಂದು ಹೊಳೆಯಿತು. ಕಥೆ ನಡೆಯುವುದು ಆಷಾಢದಲ್ಲಿ. ಅಂಥ ಮಳೆ ಹಂಚಿನ ಮೇಲೆ ಬೀಳುತ್ತಿರುವಾಗ ದಣಪೆ ಸದ್ದು ಅಡುಗೆಮನೆಗೆ ಕೇಳುತ್ತದಾ? ನಿನ್ನ ಅಜ್ಜಿಮನೆಯೂ ಹೀಗೇ ಇತ್ತಲ್ಲ, ನೆನಪು ಮಾಡಿಕೊಂಡು ಹೇಳು. ಕೇಳುವುದಿಲ್ಲ ಅಂತಾದರೆ ನಾಯಿಯನ್ನು ತರಬೇಕಾಗುತ್ತದೆ, ನನಗೆ ನಾಯಿ ಬರೆಯಲು ಬರುವುದಿಲ್ಲ.

ನಿನ್ನ
ಗೆಳೆಯ