ಟಿವಿಯಿಂದ ಹಿಡಿದಿಟ್ಟಿದ್ದು ನಮ್ಮ ಕೈಯಲ್ಲೇ ಇರಲಿ, ಹತ್ತು ವಾಟ್ ಸಾಕು

ಮಾನ್ಯ ಸಂಪಾದಕರೇ,

ಟಿವಿಯಲ್ಲಿ ಬಂದ ಕಾರ್ಯಕ್ರಮವನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಓದುಗರೊಬ್ಬರು ಇದೇ ಅಂಕಣದಲ್ಲಿ ಕೇಳಿದ್ದರು. ಸೆಟ್ ಟಾಪ್ ಬಾಕ್ಸ್‌ಗೆ ಹಾರ್ಡ್ ಡಿಸ್ಕ್ ಹಾಕಿದರೆ ಆಯ್ತು ಅಂತ ಇನ್ನೊಬ್ಬರು ಉತ್ತರ ಕೊಟ್ಟಿದ್ದರು. ಬೇಕಾದದ್ದನ್ನು ಅದರಲ್ಲಿ ಮಾತ್ರ ಇಟ್ಟುಕೊಂಡು ಕೂರಬೇಡಿ ಅಂತ ಹೇಳೋಕೆ ಈ ಪತ್ರ.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟದ ಮನೆ. ನಮ್ಮ ಅಪ್ಪಯ್ಯ ಒಮ್ಮೆ ಚಂದನದ ಕೃಷಿ ಕಾರ್ಯಕ್ರಮದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಮಾತಾಡಿದ್ದರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ ಅಂತ ಹೇಳಿ, ಕತ್ತಿಯ ಅಲಗು ಅದ್ದಿ, ಅದಕ್ಕೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ತೋರಿಸಿದ್ದರು. ಅದನ್ನು ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೆವು. ಒಂದು ಮಳೆಗಾಲ ಸಿಡಿಲಿಗೆ ಬಾಕ್ಸ್ ಹೋಯಿತು. ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಹೊಸ ಬಾಕ್ಸ್‌ಗೆ ಹಾಕಿದರೆ ಅದು ಓದಲಿಲ್ಲ, ಕಂಪ್ಯೂಟರ್‌ಗೆ ಹಾಕಿದರೆ ಫಾರ್ಮ್ಯಾಟ್ ಮಾಡಲೇ ಅಂತ ಕೇಳಿತು. ಕಂಪನಿಗೆ ಫೋನ್ ಮಾಡಿದರೆ, ರೆಕಾರ್ಡಿಂಗ್ ಆ ಬಾಕ್ಸ್‌ನಲ್ಲಿ ಮಾತ್ರ ತೆರೆಯುತ್ತೆ ಸರ್ ಅಂದರು. ಅಪ್ಪಯ್ಯ ಆಗಲೇ ತೀರಿಕೊಂಡಿದ್ದರು. ಡಿಸ್ಕ್ ನನ್ನ ದುಡ್ಡಿನದು, ಅದರೊಳಗೆ ಇರುವುದು ನನ್ನ ಅಪ್ಪಯ್ಯ, ಆದರೆ ಬೀಗದ ಕೈ ಮಾತ್ರ ಇನ್ನೊಬ್ಬರದು.

ಆಮೇಲೆ ಹಟಕ್ಕೆ ಬಿದ್ದು ಸ್ವಂತ ರೆಕಾರ್ಡರ್ ಮಾಡಿಕೊಂಡೆ. ಜರ್ಮನಿಯಲ್ಲಿರುವ ತಂಗಿಯ ಮಗ ದಾರಿ ತೋರಿಸಿದ. ಅಲ್ಲಿ 2000ನೇ ಇಸವಿಯಲ್ಲೇ ಕ್ಲಾಸ್ ಶ್ಮಿಡಿಂಗರ್ ಅನ್ನುವವರು ವಿಡಿಆರ್ ಅಂತ, ಲಿನಕ್ಸ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಓಡುವ, ಟಿವಿ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟರು. ನಾನು ಬಳಸುತ್ತಿರುವುದು ಅದೇ ಥರದ ಟಿವಿಹೆಡ್ಎಂಡ್, ಅದೂ ಪುಕ್ಕಟೆ. ಹಾರ್ಡ್‌ವೇರ್ ಅಂದರೆ ರಾಸ್ಪ್‌ಬೆರಿ ಪೈ 4, ಇಸ್ಪೀಟು ಕಟ್ಟಿನಷ್ಟು ಅಗಲದ ಒಂದು ಬೋರ್ಡು, ಒಳಗಿರುವುದು ನಮ್ಮ ಮೊಬೈಲ್‌ಗಳಲ್ಲಿರುವಂಥದ್ದೇ ಎಆರ್‌ಎಂ ಚಿಪ್ಪು. ಅದಕ್ಕೆ ಡಿಶ್‌ನಿಂದ ಬರುವ ಸಿಗ್ನಲ್ ಹಿಡಿಯುವ ಯುಎಸ್‌ಬಿ ಸ್ಯಾಟಲೈಟ್ ಟ್ಯೂನರ್ ಒಂದು, ಹಾರ್ಡ್ ಡಿಸ್ಕ್ ಒಂದು. ಮಾಡಿನ ಮೇಲೆ ಡಿಡಿ ಫ್ರೀ ಡಿಶ್ ಮೊದಲಿಂದಲೂ ಇತ್ತು, ಆಗ್ನೇಯಕ್ಕೆ ಮುಖ ಮಾಡಿ, 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದ ಕಡೆಗೆ. ಅದರ ವೈರನ್ನೇ ಟ್ಯೂನರ್‌ಗೆ ಕೊಟ್ಟೆ. ಬೋರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿತು, ಟ್ಯೂನರ್ ಮಾತ್ರ ತಂಗಿಯ ಮಗನೇ ಊರಿಗೆ ಬರುವಾಗ ತಂದುಕೊಟ್ಟ. ಕೊಳ್ಳುವ ಮೊದಲು ಆ ಮಾಡೆಲ್‌ಗೆ ಲಿನಕ್ಸ್ ಡ್ರೈವರ್, ಅಂದರೆ ಅದನ್ನು ಲಿನಕ್ಸ್‌ನಲ್ಲಿ ನಡೆಸುವ ಸಾಫ್ಟ್‌ವೇರ್, ಇದೆಯಾ ಅಂತ ನೋಡಲೇಬೇಕು, ಇಲ್ಲದಿದ್ದರೆ ದುಡ್ಡು ದಂಡ.

ಇಷ್ಟು ಸಣ್ಣ ಬೋರ್ಡು ವಿಡಿಯೊ ರೆಕಾರ್ಡ್ ಮಾಡುತ್ತಾ ಅಂತ ನೋಡಿದವರೆಲ್ಲ ಕೇಳುತ್ತಾರೆ. ಉಪಗ್ರಹದಿಂದ ಬರುವಾಗಲೇ ವಿಡಿಯೊ ಅಡಕ ಆಗಿ, ಅಂಕಿಗಳ ಸಾಲಾಗಿ ಬರುತ್ತದೆ. ಟ್ಯೂನರ್ ಅದನ್ನು ಹಿಡಿದು ಕೊಡುತ್ತದೆ, ಬೋರ್ಡು ಬೇಕಾದ ಚಾನೆಲ್ ಆರಿಸಿ ಡಿಸ್ಕ್‌ಗೆ ಬರೆಯುತ್ತದೆ, ಅಷ್ಟೇ. ಅಬ್ಬಿಯ ದಂಬೆ ಕೆಳಗೆ ಕೊಡ ಇಟ್ಟ ಹಾಗೆ. ನೀರು ಎತ್ತುವ ಕೆಲಸವೇ ಇಲ್ಲ, ಕೊಡ ಇಡೋದಷ್ಟೇ. ಸೆಕೆಂಡಿಗೆ 4 ಮೆಗಾಬಿಟ್‌ನ ಚಾನೆಲ್ ಅಂದರೆ ಒಂದು ಗಂಟೆಗೆ 1.8 ಜಿಬಿ, ಒಂದು ಟಿಬಿ ಡಿಸ್ಕ್‌ನಲ್ಲಿ 500 ಗಂಟೆಗಿಂತ ಜಾಸ್ತಿ. ಹೀಗೆ ಬಂದ ಫೈಲು ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯುತ್ತದೆ. ಪೇ ಚಾನೆಲ್‌ಗಳು ಇದರಲ್ಲಿ ಬರುವುದಿಲ್ಲ, ನಮ್ಮ ಮನೆಗೆ ಅವು ಬೇಕಾಗಿಯೂ ಇಲ್ಲ.

ಕರೆಂಟಿನ ಲೆಕ್ಕವನ್ನೂ ಹೇಳಲೇಬೇಕು. ಮೊದಲು ಮನೆಯ ಹಳೇ ಕಂಪ್ಯೂಟರ್‌ನಲ್ಲೇ ಮಾಡಿ ನೋಡಿದ್ದೆ. ಪ್ಲಗ್‌ಗೆ ಹಾಕುವ ವಾಟ್ ಮೀಟರ್ ಇಟ್ಟರೆ 80 ವಾಟ್ ತೋರಿಸಿತು, ದಿನವಿಡೀ ಓಡಿದರೆ ತಿಂಗಳಿಗೆ ಹತ್ತಿರ ಹತ್ತಿರ 58 ಯೂನಿಟ್. ಈಗ ಬೋರ್ಡು, ಟ್ಯೂನರ್, ಡಿಸ್ಕ್ ಎಲ್ಲ ಸೇರಿ 10 ವಾಟ್, ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ ಹಳೆಯ ಸರಾಸರಿಯ ಮೇಲೆ ಸಿಗೋದು ಸ್ವಲ್ಪವೇ ಅಲ್ವಾ, 58 ಯೂನಿಟ್ ಅದರಲ್ಲಿ ಹಿಡಿಸುವ ಮಾತೇ ಇಲ್ಲ, 7 ಯೂನಿಟ್ ಹೇಗೋ ಹಿಡಿಸುತ್ತದೆ. ಸಣ್ಣ ಬ್ಯಾಟರಿಯಲ್ಲೂ ಗಂಟೆಗಟ್ಟಲೆ ಓಡುತ್ತದೆ.

ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಗಡಿಯಾರ. ಪೈ 4ರಲ್ಲಿ ಸಮಯ ನೆನಪಿಟ್ಟುಕೊಳ್ಳುವ ಬ್ಯಾಟರಿ ಗಡಿಯಾರ ಇಲ್ಲ, ಇಂಟರ್‌ನೆಟ್‌ನಿಂದ ಕೇಳಿ ತಿಳಿದುಕೊಳ್ಳುತ್ತದೆ. ನಮ್ಮಲ್ಲಿ ರಾತ್ರಿ ಕರೆಂಟ್ ಹೋದರೆ ಬೆಳಗ್ಗೆಯೇ ಬರೋದು, ಆಗ ಇಂಟರ್‌ನೆಟ್ ಇರುವುದಿಲ್ಲ. ಬೋರ್ಡು ಎದ್ದು ಇನ್ನೂ ರಾತ್ರಿ ಹನ್ನೊಂದು ಅಂದುಕೊಂಡಿರುತ್ತದೆ. ದಸರಾ ಜಂಬೂ ಸವಾರಿಯ ದಿನ ಹೀಗೇ ಆಗಿ, ಸಂಜೆ ಮೆರವಣಿಗೆ ಮುಗಿದರೂ ಅದರ ಲೆಕ್ಕದಲ್ಲಿ ಇನ್ನೂ ಬೆಳಗ್ಗೆಯೇ ಆಗಿತ್ತು. ಅಮ್ಮ ವರ್ಷವಿಡೀ ಕಾದಿದ್ದ ಕಾರ್ಯಕ್ರಮ. ಆಮೇಲೆ ಡಿಎಸ್3231 ಅನ್ನುವ ಬೆರಳಗಲದ ಗಡಿಯಾರದ ಚಿಪ್ಪನ್ನು ಪಿನ್ನುಗಳಿಗೆ ಸಿಕ್ಕಿಸಿ, ಗುಂಡಿಯಂಥ ಸೆಲ್ ಹಾಕಿ, ಸೆಟಿಂಗ್ ಫೈಲ್‌ನಲ್ಲಿ ಒಂದು ಸಾಲು ಸೇರಿಸಿದೆ. ವರ್ಷಕ್ಕೆ ಒಂದು ನಿಮಿಷ ಆಚೆ ಈಚೆ ಆಗಬಹುದು, ಅಷ್ಟೇ. ಮಲೆನಾಡಿನಲ್ಲಿ ಈ ಬೋರ್ಡು ಇಡುವವರು ಮೊದಲ ದಿನವೇ ಇದನ್ನು ಹಾಕಿಕೊಳ್ಳಿ.

ಇನ್ನೊಂದು, ಮೊಬೈಲ್ ಚಾರ್ಜರ್‌ನಲ್ಲಿ ಓಡಿಸಬೇಡಿ. ಡಿಸ್ಕ್ ತಿರುಗಲು ಶುರುವಾದ ಕೂಡಲೇ ವೋಲ್ಟೇಜ್ ಬೀಳುತ್ತದೆ, ಟಿವಿ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆ, ಡಿಸ್ಕ್ ಟಿಕ್ ಟಿಕ್ ಅನ್ನುತ್ತ ನಿಲ್ಲುತ್ತದೆ. 5.1 ವೋಲ್ಟ್, 3 ಆಂಪಿಯರ್‌ನ ಅದರದೇ ಅಡಾಪ್ಟರ್ ತಗೊಳ್ಳಿ. ರೆಕಾರ್ಡಿಂಗ್ ಅನ್ನು ಮೆಮೊರಿ ಕಾರ್ಡ್‌ಗೆ ಬರೆಸಬೇಡಿ, ಬರೆದು ಬರೆದು ಕಾರ್ಡು ಬೇಗ ಸಾಯುತ್ತದೆ. ಜಡಿಮಳೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುವುದಕ್ಕೆ ಬೋರ್ಡು ಏನೂ ಮಾಡಲಾರದು, ದೊಡ್ಡ ಡಿಶ್ ಹಾಕಿದರೆ ಸ್ವಲ್ಪ ವಾಸಿ. ಸಿಡಿಲು ಬರುವಾಗ ಡಿಶ್ ವೈರ್ ಬಿಚ್ಚಿಡೋದು ಈಗ ನಮ್ಮ ಮನೆಯಲ್ಲಿ ಮಕ್ಕಳಿಗೂ ರೂಢಿ.

ಇದು ತಪ್ಪಲ್ವಾ ಅಂತ ಕೆಲವರಿಗೆ ಅನುಮಾನ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 39ನೇ ಕಲಮಿನಲ್ಲೇ ಇದೆ: ಪ್ರಸಾರವನ್ನು ಸ್ವಂತ ಬಳಕೆಗೆ, ಅಥವಾ ಪಾಠಕ್ಕೆ, ಸಂಶೋಧನೆಗೆ ರೆಕಾರ್ಡ್ ಮಾಡಿಕೊಂಡರೆ ಪ್ರಸಾರ ಮಾಡಿದವರ ಹಕ್ಕಿಗೆ ಭಂಗವಿಲ್ಲ. ಯೂಟ್ಯೂಬ್‌ಗೆ ಹಾಕೋದು, ಸಿ.ಡಿ. ಮಾಡಿ ಮಾರೋದು ಬೇರೆ ಮಾತು, ಅದು ಬೇಡವೇ ಬೇಡ. ಪಾಠಕ್ಕೆ ಅಂತ ಕಾಯ್ದೆಯೇ ಹೇಳುವಾಗ ಹಳ್ಳಿಯ ಹೈಸ್ಕೂಲುಗಳಲ್ಲಿ ಇಂಥದ್ದೊಂದು ಇರಬಾರದೇ? ಮೊಬೈಲ್ ಸಿಗ್ನಲ್ ಸಿಗದ ಊರಲ್ಲಿ ಮಕ್ಕಳಿಗೆ ವಿಜ್ಞಾನದ ಕಾರ್ಯಕ್ರಮ ತೋರಿಸಲು ಇಂಟರ್‌ನೆಟ್ ಕಾಯಬೇಕಾಗಿಲ್ಲ. ಪಾಲಿಟೆಕ್ನಿಕ್ ಹುಡುಗರು ಪ್ರಾಜೆಕ್ಟ್ ಅಂತ ಎಲ್ಲಿಂದಲೋ ರೆಡಿ ಮಾಡಿದ್ದನ್ನು ಕೊಂಡು ತರುವ ಬದಲು ಹತ್ತಿರದ ಶಾಲೆಗೆ ಒಂದು ಕಟ್ಟಿಕೊಡಲಿ, ಅವರಿಗೂ ನಿಜವಾದ ಕೆಲಸ ಕಲಿತ ಹಾಗೆ ಆಗುತ್ತದೆ.

ನಿಮ್ಮಲ್ಲೂ ಒಂದು ವಿನಂತಿ. ನಾನು ಇದನ್ನೆಲ್ಲ ಇಂಗ್ಲಿಷ್‌ನಲ್ಲಿ ತಡಕಾಡಿ ಕಲಿಯಬೇಕಾಯಿತು, ಮೂರು ತಿಂಗಳು ಹಿಡಿಯಿತು. ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಮೊಬೈಲ್‌ಗಳ ಬಗ್ಗೆ ವಾರವಾರ ಬರುತ್ತದೆ, ಒಂದೆರಡು ವಾರ ಇದಕ್ಕೆ ಜಾಗ ಕೊಡಿ. ಯಾವ ವೈರು ಎಲ್ಲಿಗೆ, ಯಾವ ಸಾಲು ಯಾವ ಫೈಲಿಗೆ ಅಂತ ಚಿತ್ರ ಸಮೇತ ಬರೆದುಕೊಡಲು ನಾನು ತಯಾರಿದ್ದೇನೆ.

ಕೊನೆಗೆ ಓದುಗರಲ್ಲಿ ಒಂದು ಮಾತು. ಸಾಗರದ ಕಡೆಯ ವಯಸ್ಸಾದ ರೈತರೊಬ್ಬರು ಬೋರ್ಡೋ ದ್ರಾವಣ ಮಾಡುತ್ತ ಕತ್ತಿಯ ಅಲಗು ಅದ್ದಿ ತೋರಿಸುವ ಆ ಚಂದನ ಕಾರ್ಯಕ್ರಮವನ್ನು ಯಾರಾದರೂ ಹಿಡಿದಿಟ್ಟಿದ್ದರೆ, ಎಷ್ಟೇ ಮಸುಕಾಗಿದ್ದರೂ ಸರಿ, ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಿ. ಡಿಸ್ಕ್ ತಗೊಂಡು ನಾನೇ ಬರುತ್ತೇನೆ.

— ಒಬ್ಬ ಓದುಗ, ಸಾಗರ ತಾಲ್ಲೂಕು