ಗೆಳೆಯನಿಗೊಂದು ಪತ್ರ: ಆಟಗಾರ ತಂಡ ಬಿಟ್ಟರೆ ಯಾರಿಗೆ ನಷ್ಟ?

ಪ್ರೀತಿಯ ರಘು,

ಇಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ) ಇಂಡಿಯಾನಾ ಯೂನಿವರ್ಸಿಟಿ ಚಾಂಪಿಯನ್ ಆದ ಮೇಲೆ ನೀನು ಕೇಳಿದ್ದೆಯಲ್ಲ, "ಇದು ಕಾಲೇಜು ತಂಡವೋ, ಊರೂರಿಂದ ಆರಿಸಿ ತಂದವರ ತಂಡವೋ?" ಅಂತ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಂತುಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಆಟಗಾರರ ಪರ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿ ಕಾಲೇಜು ಕ್ರೀಡೆಯ ನಿಯಮ ಮಾಡುವುದು ಎನ್‌ಸಿಎಎ. ಹಳೆಯ ನಿಯಮ ಏನಿತ್ತು ಗೊತ್ತಾ? ದೊಡ್ಡ ತಂಡದ ಫುಟ್‌ಬಾಲ್ ಹುಡುಗನೊಬ್ಬ ಯೂನಿವರ್ಸಿಟಿ ಬದಲಿಸಿದರೆ ಒಂದು ವರ್ಷ ಸುಮ್ನೆ ಕೂರಬೇಕು. ಪ್ರಾಕ್ಟೀಸ್ ಮಾಡಬಹುದು, ಪಂದ್ಯ ಆಡುವ ಹಾಗಿಲ್ಲ. 2018ರವರೆಗೆ ಇನ್ನೂ ಕಷ್ಟ. ಬೇರೆ ಯೂನಿವರ್ಸಿಟಿಯವರು ಅವನ ಜೊತೆ ಮಾತಾಡೋಕೂ ಇರುವ ಕಡೆಯಿಂದ ಒಪ್ಪಿಗೆ ಬೇಕು. ಒಪ್ಪಿಗೆ ಕೊಡದಿದ್ದರೆ ಹೋದ ಕಡೆ ಮೊದಲ ವರ್ಷ ಸ್ಕಾಲರ್‌ಶಿಪ್ ಕೂಡ ಇಲ್ಲ. ಆದರೆ ಅವನನ್ನು ಕರೆತಂದ ಕೋಚ್ ಮಾತ್ರ ಯಾವಾಗ ಬೇಕಾದರೂ ಹೋಗಬಹುದಿತ್ತು. 2021ರ ನವೆಂಬರಿನಲ್ಲಿ ಕೋಚ್ ಲಿಂಕನ್ ರೈಲಿ ಓಕ್ಲಹೋಮಾ ಯೂನಿವರ್ಸಿಟಿ ಬಿಟ್ಟು ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅವರಿಗೆ ಯಾರೂ ಒಂದು ವರ್ಷ ಕೂತಿರಿ ಅನ್ನಲಿಲ್ಲ.

ನಿನಗೆ ಕರುಣ್ ನಾಯರ್ ಕಥೆ ಗೊತ್ತೇ ಇದೆ. ಕರ್ನಾಟಕ ತಂಡದಲ್ಲಿ ಜಾಗ ಸಿಗದೆ ಎನ್‌ಒಸಿ (ಹೋಗಲು ಅಭ್ಯಂತರ ಇಲ್ಲ ಅನ್ನುವ ಪತ್ರ) ತಗೊಂಡು ವಿದರ್ಭಕ್ಕೆ ಹೋದರು. 2024-25ರ ರಣಜಿ ಫೈನಲ್‌ನಲ್ಲಿ 135 ಹೊಡೆದರು, ವಿದರ್ಭ ಚಾಂಪಿಯನ್ ಆಯಿತು, ಅವರು ಮತ್ತೆ ಟೆಸ್ಟ್ ಆಡಿದರು. ಎನ್‌ಒಸಿ ಕೊಡಲ್ಲ ಅಂದಿದ್ದರೆ? ಅಥವಾ ಕೊಟ್ಟು, ಒಂದು ವರ್ಷ ಆಡಬೇಡ ಅಂದಿದ್ದರೆ?

ಇಲ್ಲಿ ಆ ಬೀಗ ಹಂತಹಂತವಾಗಿ ಕಳಚಿತು. 2018ರ ಅಕ್ಟೋಬರಿನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ತಂಡ ಬದಲಿಸಲು ಬಯಸುವವರ ಆನ್‌ಲೈನ್ ಪಟ್ಟಿ, ಬಂತು. ಹುಡುಗ ತನ್ನ ಯೂನಿವರ್ಸಿಟಿಗೆ ಲಿಖಿತವಾಗಿ ತಿಳಿಸಿದರೆ ಸಾಕು, ಎರಡು ಕೆಲಸದ ದಿನಗಳೊಳಗೆ ಅವರು ಅವನ ಹೆಸರನ್ನು ಪಟ್ಟಿಗೆ ಹಾಕಲೇಬೇಕು. ಆಮೇಲೆ ಯಾವ ಕೋಚ್ ಬೇಕಾದರೂ ಫೋನ್ ಮಾಡಬಹುದು. 2021ರಲ್ಲಿ ಒಂದು ಸಲ ಬದಲಿಸಿದರೆ ಕೂರಬೇಕಿಲ್ಲ ಅಂತಾಯಿತು. 2023ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ಕೋರ್ಟು ಎರಡನೇ ಸಲದ ತಡೆಯನ್ನೂ ನಿಲ್ಲಿಸಿತು. ಈಗ ಓದಿನಲ್ಲಿ ಪಾಸಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. 2025ರ ಜುಲೈನಿಂದ ಯೂನಿವರ್ಸಿಟಿಗಳೇ ತಮ್ಮ ಎಲ್ಲಾ ಆಟಗಾರರಿಗೂ ಸೇರಿ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ಅಷ್ಟು ಹಂಚುವ ತಾಕತ್ತು ಎಲ್ಲರಿಗೂ ಇಲ್ಲ ಅನ್ನೋದು ಬೇರೆ ಮಾತು.

ಇದರಿಂದ ಸಮಬಲ ಹಾಳಾಯಿತು ಅಂತ ಹಳೆಯ ಕೋಚ್‌ಗಳು ಗೋಳಾಡುತ್ತಾರೆ. ಆದರೆ ಕೂರಿಸುವ ನಿಯಮ ಇದ್ದ ಕಾಲದಲ್ಲಿ ಸಮಬಲ ಎಲ್ಲಿತ್ತು? 2009ರಿಂದ 2020ರವರೆಗೆ ಹನ್ನೆರಡು ಸೀಸನ್, ಅದರಲ್ಲಿ ಆರು ಸಲ ಅಲಬಾಮಾ ಚಾಂಪಿಯನ್. ಬೇರೆ ಕಡೆ ಹೀರೋ ಆಗಬಹುದಾದ ಹುಡುಗರು ಅಲ್ಲಿ ಬೆಂಚು ಕಾಯುತ್ತಿದ್ದರು. ಇಂಡಿಯಾನಾ 2023ರಲ್ಲಿ ಮೂರು ಗೆದ್ದು ಒಂಬತ್ತು ಸೋತ ತಂಡ. ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದರು, ತಮ್ಮ ಹಳೆಯ ಜೇಮ್ಸ್ ಮ್ಯಾಡಿಸನ್ ತಂಡದಿಂದ ಹದಿಮೂರು ಜನರನ್ನು ಕರೆತಂದರು. ಆಮೇಲೆ ಕ್ಯಾಲಿಫೋರ್ನಿಯಾದಿಂದ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಬಂದ. 2025ರ ಸೀಸನ್ನಿನಲ್ಲಿ ಹದಿನಾರಕ್ಕೆ ಹದಿನಾರು ಗೆದ್ದರು. ನಿನ್ನ ಪ್ರಶ್ನೆಗೆ ಉತ್ತರ, ಹೌದು, ಆರಿಸಿ ತಂದವರೇ. ಆದರೂ ನನಗೆ ಆ ಗೆಲುವು ತುಂಬಾ ಖುಷಿ ಕೊಟ್ಟಿತು.

ಹಾಗಂತ ಎಲ್ಲ ಸರಿಯಾಗಿದೆ ಅಂತಲ್ಲ. ಮೇಲಿನ ಸಾಲಿನಲ್ಲಿ ಹೊಸಬರು ಬಂದರು ನಿಜ. ಕೆಳಗಿನವರ ಪಾಡು ನೋಡಬೇಕು ಅಂದರೆ ನಾನಿರುವ ವಾಷಿಂಗ್ಟನ್ ರಾಜ್ಯದ ಪುಲ್‌ಮನ್‌ಗೆ ಬಾ. ಸಿಯಾಟಲ್‌ನಿಂದ ಪೂರ್ವಕ್ಕೆ ಅರ್ಧ ದಿನದ ದಾರಿ. ಸುತ್ತ ಅಲೆಯಲೆಯಾಗಿ ಗೋಧಿ ಬೆಳೆಯುವ ಗುಡ್ಡಗಳು, ನಡುವೆ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ. ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್‌ನನ್ನು ಹೈಸ್ಕೂಲಿನಲ್ಲಿ ದೊಡ್ಡ ತಂಡಗಳು ಕಣ್ಣೆತ್ತಿಯೂ ನೋಡಿರಲಿಲ್ಲ. ಟೆಕ್ಸಸ್‌ನ ಒಂದು ಸಣ್ಣ ಯೂನಿವರ್ಸಿಟಿಯಿಂದ ಇಲ್ಲಿಗೆ ಬಂದ, ಎರಡು ಸೀಸನ್ ಆಡಿದ, ಮಯಾಮಿಗೆ ಹೋದ. ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವ 2025ರ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಅವನ ಜಾಗಕ್ಕೆ ಬಂದ ಜಾನ್ ಮಟೀರ್ 2024ರಲ್ಲಿ 29 ಟಚ್‌ಡೌನ್‌ಗೆ (ನಮ್ಮ ಗೋಲಿನ ಹಾಗೆ, ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಚೆಂಡು ಎಸೆದು, ತಾನೇ ಓಡಿ ಇನ್ನೂ 15 ಗಳಿಸಿದ. ಸೀಸನ್ ಮುಗಿಯಿತು, ಅವನು ಓಕ್ಲಹೋಮಾಕ್ಕೆ, ಹೆಡ್ ಕೋಚ್ ವೇಕ್ ಫಾರೆಸ್ಟ್‌ಗೆ.

ಅದರ ಮುಂದಿನ ಸೀಸನ್ನಿನಲ್ಲಿ ನಾನು ಅಲ್ಲಿ ಪಂದ್ಯ ನೋಡಿದೆ. ಆಟಗಾರರ ಪಟ್ಟಿಯಲ್ಲಿ ಹೆಸರಿನ ಪಕ್ಕ ಊರು, ಊರಿನ ಪಕ್ಕ ಹಿಂದಿನ ಕಾಲೇಜು. ಆ ಕಾಲಂನಲ್ಲಿ ಮತ್ತೆ ಮತ್ತೆ ಸೌತ್ ಡಕೋಟಾ ಸ್ಟೇಟ್. ಹೊಸ ಕೋಚ್ ಜಿಮ್ಮಿ ರಾಜರ್ಸ್ ಅಲ್ಲಿಂದ ಕರೆತಂದವರು. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಪುಟ್ಟ ಹುಡುಗ ಇನ್ನೂ ವಾರ್ಡ್‌ನ 1ನೇ ನಂಬರಿನ ಜರ್ಸಿ ಹಾಕಿಕೊಂಡಿದ್ದ. ಅವನಪ್ಪ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರನ್ನೂ ಬೆರಳಿಟ್ಟು ಹೇಳಿಕೊಡುತ್ತಿದ್ದರು. ಡಿಸೆಂಬರ್ ಬರುವಷ್ಟರಲ್ಲಿ ರಾಜರ್ಸ್ ಕೂಡ ಅಯೋವಾ ಸ್ಟೇಟ್‌ಗೆ ಹೊರಟರು.

ಇದಕ್ಕೆಲ್ಲ ಹುಡುಗರನ್ನೇ ಬೈಯೋದು ಅನ್ಯಾಯ ಅಲ್ವಾ? 2024ರಲ್ಲಿ ಟಿವಿ ದುಡ್ಡಿಗಾಗಿ ಹತ್ತು ಯೂನಿವರ್ಸಿಟಿಗಳು ಪ್ಯಾಕ್-12 ಲೀಗನ್ನೇ ಬಿಟ್ಟು ಹೋದವು. ಹಿಂದೆ ಉಳಿದದ್ದು ಓರೆಗಾನ್ ಸ್ಟೇಟ್ ಮತ್ತು ಇದೇ ವಾಷಿಂಗ್ಟನ್ ಸ್ಟೇಟ್. ನೂರು ವರ್ಷ ದಾಟಿದ ಲೀಗು ಕಣೋ. ಬಿಟ್ಟವರು ಹೊಸ ಲೀಗುಗಳಲ್ಲಿ ಮೊದಲ ವಾರದಿಂದಲೇ ಆಡಿದರು.

ನನ್ನ ಪ್ರಕಾರ ದಾರಿ ಒಂದಿದೆ. ಹುಡುಗ ಹೋಗಲಿ, ಆದರೆ ಅವನನ್ನು ಬೆಳೆಸಿದ ಯೂನಿವರ್ಸಿಟಿಗೆ ಕರೆದುಕೊಂಡು ಹೋಗುವವರು ದುಡ್ಡು ಕಟ್ಟಲಿ. ನಾವು ನೋಡುವ ಫುಟ್‌ಬಾಲ್‌ನಲ್ಲಿ ಫಿಫಾ ಇದನ್ನು ಮಾಡಿದೆ. ಒಬ್ಬ ಆಟಗಾರ ದೇಶದಿಂದ ದೇಶಕ್ಕೆ ಮಾರಾಟವಾದರೆ ಆ ಮೊತ್ತದಲ್ಲಿ ಶೇ. 5ರಷ್ಟು, 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ತಯಾರು ಮಾಡಿದ ಕ್ಲಬ್ಬುಗಳಿಗೆ ಹಂಚಿಹೋಗುತ್ತದೆ. ಮಯಾಮಿ, ಓಕ್ಲಹೋಮಾದಂಥವರಿಗೆ ಇದು ದೊಡ್ಡ ಹೊರೆಯಲ್ಲ. ಪುಲ್‌ಮನ್‌ನಂಥ ಕಡೆ ಆ ದುಡ್ಡಿನಲ್ಲಿ ಮುಂದಿನ ಮಟೀರ್‌ನನ್ನು ಇನ್ನೊಂದು ವರ್ಷ ಉಳಿಸಿಕೊಳ್ಳಬಹುದು.

ಈಗ ಆಗುತ್ತಿರುವುದು ಅದರ ತಿರುವುಮುರುವು. ಮಿಸೌರಿಗೆ ಹೋದ ತನ್ನ ಹಳೆಯ ಆಟಗಾರನಿಂದ ಜಾರ್ಜಿಯಾ 3,90,000 ಡಾಲರ್ ಕೇಳಿ ಕೋರ್ಟಿಗೆ ಹೋಗಿದೆ. ಕೇಳೋದಿದ್ದರೆ ಮಿಸೌರಿಯನ್ನು ಕೇಳಬೇಕು, ಹುಡುಗನನ್ನಲ್ಲ. ಅದಕ್ಕೆ ಹುಡುಗರೂ ಒಂದು ಕಡೆ ಸಂಘಟಿತರಾಗಿ, ಯೂನಿವರ್ಸಿಟಿಗಳ ಜೊತೆ ಕೂತು ಒಪ್ಪಂದ ಮಾಡಿಕೊಳ್ಳಬೇಕು. ಎಷ್ಟು ವರ್ಷ, ಎಷ್ಟು ದುಡ್ಡು, ಕೋಚ್ ಬಿಟ್ಟುಹೋದರೆ ಏನು, ಎಲ್ಲ ಕಾಗದದ ಮೇಲಿರಲಿ. ಎನ್‌ಸಿಎಎ ತಾನೇ ಒಂದು ನಿಯಮ ಬರೆಯುವುದು, ಕೋರ್ಟು ಅದನ್ನು ಹೊಡೆದುಹಾಕುವುದು, ಈ ಆಟ ಎಷ್ಟು ವರ್ಷ ನಡೆಸುತ್ತಾರೆ?

ಈ ಸಲ ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಬರುತ್ತಿದ್ದೇನೆ. ನಿನ್ನ ವಾದ ಏನಿದ್ದರೂ ಅಷ್ಟರೊಳಗೆ ಬರೆದು ಕಳಿಸು ಮಾರಾಯ. ಅತ್ತಿಗೆಗೆ, ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಸತೀಶ