ಬಿದ್ದ ಮರದ ಬಿಗಿತ

ಬಿರುಗಾಳಿಯ ನಂತರ ಚೈನ್ ಸಾ ಹಿಡಿದು ತೆರವು ಕೆಲಸಕ್ಕೆ ಹೊರಡುವ ಸ್ವಯಂಸೇವಕರ ಪಟ್ಟಿಗೆ ನಮ್ಮ ಸಂಘದ ಹಲವು ಸದಸ್ಯರು ಹೆಸರು ಕೊಟ್ಟಿರುವುದು ಮನಸ್ಸಿಗೆ ಬಹಳ ಸಂತೋಷ ತಂದಿದೆ. ರಸ್ತೆಗೆ ಅಡ್ಡಲಾಗಿ ಬಿದ್ದ ಒಂದು ಮರ ಅಲ್ಲಿಯೇ ಉಳಿದರೂ ಆಚೆಯ ಮನೆಗಳಿಗೆ ಆಂಬುಲೆನ್ಸ್ ತಲುಪುವುದಿಲ್ಲ. ಆದರೆ ನಿಂತ ಮರವನ್ನು ಕಡಿದು ಪಳಗಿದವರೂ ಬಿದ್ದ ಮರದ ಮುಂದೆ ಹೊಸಬರೇ ಎಂಬುದನ್ನು ಈ ಸಂದರ್ಭದಲ್ಲಿ ಒತ್ತಿ ಹೇಳಬೇಕಾಗಿದೆ.

ಬಿದ್ದ ಮರ ನೋಡುವುದಕ್ಕೆ ಅಲುಗಾಡದೆ ಮಲಗಿರುತ್ತದೆ, ಅದರ ನಾರುಗಳಲ್ಲಿ ಮಾತ್ರ ಬಿಗಿತ ಹಾಗೆಯೇ ಉಳಿದಿರುತ್ತದೆ. ಕಾಂಡದ ಎರಡೂ ತುದಿಗಳಿಗೆ ಆಸರೆಯಿದ್ದು ನಡುಭಾಗ ಜೋತಿದ್ದರೆ ಅದರ ಮೇಲ್ಮೈ ಅದುಮಿಕೊಂಡಿರುತ್ತದೆ, ಕೆಳಮೈ ಎಳೆದುಕೊಂಡಿರುತ್ತದೆ. ಇದನ್ನು ಗಮನಿಸದೆ ಮೇಲಿನಿಂದಲೇ ಕೊಯ್ಯುತ್ತಾ ಹೋದರೆ ಸೀಳು ಮುಚ್ಚಿಕೊಂಡು ಗರಗಸದ ಪಟ್ಟಿ (ಸರಪಳಿ ಸುತ್ತುವ ಉದ್ದನೆಯ ಲೋಹದ ಭಾಗ) ಕಚ್ಚಿಕೊಳ್ಳುತ್ತದೆ. ಮೇಲಿನಿಂದ ಸುಮಾರು ಮೂರನೆಯ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸುವುದು ಇದಕ್ಕೆ ಸರಿಯಾದ ಕ್ರಮ. ಒಂದೇ ತುದಿಗೆ ಆಸರೆಯಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ದೊಡ್ಡ ಮರದಡಿ ಸಿಕ್ಕಿ ಬಿಲ್ಲಿನಂತೆ ಬಾಗಿದ ಎಳೆಯ ಗಿಡ ಇನ್ನೂ ಮೋಸದ್ದು, ತಪ್ಪು ಜಾಗದಲ್ಲಿ ಕೊಯ್ದರೆ ಅದು ಚಿಮ್ಮಿ ಎದೆಗೆ ಬಡಿಯಬಹುದು.

ಬೇರುಸಹಿತ ಕಿತ್ತುಬಂದ ಮರಗಳ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ. ಕಾಂಡವನ್ನು ಕತ್ತರಿಸಿ ಭಾರ ಇಳಿದ ಕ್ಷಣದಲ್ಲಿ, ಮಣ್ಣು ಮೆತ್ತಿಕೊಂಡು ಗೋಡೆಯಂತೆ ಎದ್ದು ನಿಂತಿದ್ದ ಬೇರಿನ ಬುಡ ಮತ್ತೆ ತನ್ನ ಗುಂಡಿಗೆ ಧೊಪ್ಪನೆ ಕೂರುವುದುಂಟು. ಆ ಗುಂಡಿಯ ಬಳಿ ಮಕ್ಕಳು ಆಡುತ್ತಿಲ್ಲವೆಂದು ಸ್ವತಃ ಹೋಗಿ ನೋಡದೆ ಯಂತ್ರವನ್ನು ಚಾಲೂ ಮಾಡಕೂಡದು.

ಯಂತ್ರದ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹಿಡಿದವರ ಮುಖದತ್ತ ಪುಟಿಯುತ್ತದೆ. ಹೆಲ್ಮೆಟ್, ಕಣ್ಣು ಕಿವಿಗಳ ರಕ್ಷಣೆ, ಕಾಲಿನ ಕವಚ, ಇವುಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ. ಕವಚದೊಳಗಿನ ಉದ್ದನೆಯ ನಾರುಗಳು ಸರಪಳಿ ತಾಗಿದೊಡನೆ ಎಳೆದುಬಂದು, ಅದನ್ನು ತಿರುಗಿಸುವ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಸರಪಳಿಯನ್ನು ನಿಲ್ಲಿಸುತ್ತವೆ. ಹಾಗೆ ಒಮ್ಮೆ ಕೊಯ್ದುಹೋದ ಕವಚವನ್ನು ಮತ್ತೆ ಧರಿಸಬಾರದು. ಇಂಧನ ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಸರಿದ ಮೇಲೆಯೇ ಯಂತ್ರವನ್ನು ಚಾಲೂ ಮಾಡಬೇಕು. ಕೊಂಬೆಗೆ ತಂತಿ ಸಿಕ್ಕಿಕೊಂಡಿದ್ದರೆ, ಊರಿನಲ್ಲಿ ಕರೆಂಟ್ ಇಲ್ಲದಿದ್ದರೂ ಆ ಮರವನ್ನು ಮುಟ್ಟಬಾರದು. ಯಾರದೋ ಮನೆಯ ಜನರೇಟರಿನಿಂದ ಅದೇ ತಂತಿಗೆ ವಿದ್ಯುತ್ ಹರಿದಿರಬಹುದು, ಆ ಕೆಲಸ ವಿದ್ಯುತ್ ಕಂಪನಿಯವರದು.

ಗರಗಸ ಹಿಡಿಯಲು ಬಾರದೆಂದು ಹಿಂದೆ ಸರಿದಿರುವ ಸದಸ್ಯರಲ್ಲಿ ಒಂದು ವಿನಂತಿ. ಕೊಯ್ಯುವವರು ಒಬ್ಬರಿದ್ದರೆ ಕೊಂಬೆ ಎಳೆದು ಒಟ್ಟುವುದಕ್ಕೆ ಮೂರು ನಾಲ್ಕು ಜನ ಬೇಕಾಗುತ್ತಾರೆ, ಮೇಲೆ ತೂಗುತ್ತಿರುವ ಮುರಿದ ಕೊಂಬೆಗಳ ಮೇಲೆಯೇ ಕಣ್ಣಿಟ್ಟು ಕಾಯುವವರೂ ಒಬ್ಬರು ಬೇಕು. ವಿಮೆಗೆ ಬೇಕಾದ ಚಿತ್ರಗಳನ್ನು ತೆಗೆದುಕೊಂಡಾಯಿತೇ, ಸೌದೆಯನ್ನು ಎಲ್ಲಿ ಒಟ್ಟಬೇಕು ಎಂದು ಮನೆಯವರನ್ನು ಮೊದಲೇ ಸಮಾಧಾನದಿಂದ ಕೇಳಿ ತಿಳಿಯುವವರೂ ತಂಡಕ್ಕೆ ಅಷ್ಟೇ ಅಗತ್ಯ. ಗಟ್ಟಿ ಬೂಟು, ದಪ್ಪ ಕೈಗವಸು ಇರುವವರೆಲ್ಲ ದಯವಿಟ್ಟು ಹೆಸರು ಕೊಡಿ. ಗರಗಸ ಹಿಡಿಯಬೇಕೆನ್ನುವವರು ಮೊದಲು ತರಬೇತಿ ಮುಗಿಸಿ ಬನ್ನಿ.